ಹೊಟ್ಟೆ ಉರಿಸಿದ್ದು ಬಿ12 ಅಲ್ಲ, ಅದರ ಜೊತೆಗಿದ್ದದ್ದು

ಹುಟ್ಟಿನಿಂದ ಸಸ್ಯಾಹಾರಿಯಾಗಿದ್ದು, ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ನನ್ನಂಥವರಿಗೆ ವಿಟಮಿನ್ ಬಿ12 ಕಡಿಮೆಯಾಗುವುದು ಹೊಸ ಸುದ್ದಿಯಲ್ಲ. ನನ್ನದು 130ರ ಆಸುಪಾಸಿಗೆ ಇಳಿದು, ರಾತ್ರಿ ಅಂಗಾಲು ಜುಮುಗುಡುತ್ತಿತ್ತು. ವೈದ್ಯರು ಬರೆದುಕೊಟ್ಟ ಗುಳಿಗೆಯಿಂದ ಮೂರನೆಯ ದಿನಕ್ಕೇ ಎದೆಯುರಿ, ಓಕರಿಕೆ ಶುರುವಾದವು. ಕಂಪನಿ ಬದಲಿಸಿದೆ, ಊಟವಾದ ಮೇಲೆ ನುಂಗಿದೆ, ಮೇಲೆ ಮಜ್ಜಿಗೆ ಕುಡಿದೆ. ಆರು ವಾರಗಳಲ್ಲಿ ಸುಮಾರು 900 ರೂಪಾಯಿ ಹೋಯಿತೇ ಹೊರತು ಉರಿ ಹೋಗಲಿಲ್ಲ.

"ನಿಮಗ ಬಿ12 ಒಗ್ಗೂದಿಲ್ಲ ಮಾಮಾ, ಬಿಟ್ಟುಬಿಡ್ರಿ" ಎಂದು ಅಳಿಯ ತೀರ್ಪು ಕೊಟ್ಟ. ನಡುವೆ ಯಾರದೋ ಮಾತು ಕೇಳಿ ಎರಡು ತಿಂಗಳು ಸ್ಪಿರುಲಿನಾ ಎಂಬ ಪಾಚಿ ನುಂಗಿದ್ದೂ ವ್ಯರ್ಥವಾಯಿತು. ಅದರಲ್ಲಿರುವುದರ ಬಹುಪಾಲು ನಮ್ಮ ಮೈಗೆ ದಕ್ಕದ ಹುಸಿ ಬಿ12.

ಕೊನೆಗೆ ಬಿ12ರ ಮೂರು ಇಂಜೆಕ್ಷನ್ ಮಾಡಿಸಿಕೊಂಡೆ. ಚುಚ್ಚಿದ ಜಾಗ ನೋಯಿತು, ಹೊಟ್ಟೆ ಮಾತ್ರ ತಣ್ಣಗಿತ್ತು. ನನಗೆ ದಾರಿ ತೋರಿಸಿದ್ದು ಇದೇ: ಬಿ12 ಮೈಗೆ ಹೋದರೂ ಉರಿ ಇಲ್ಲವೆಂದರೆ, ತಪ್ಪು ಗುಳಿಗೆಯಲ್ಲಿರುವ ಬೇರೆ ಯಾವುದರದೋ ಇರಬೇಕು. ಅಂದೇ ಸಂಜೆ ಹಳೆಯ ಮೂರೂ ಸ್ಟ್ರಿಪ್‌ಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟುಕೊಂಡು ಕುಳಿತೆ. ಮುಂದುಗಡೆ ದಪ್ಪಕ್ಷರದಲ್ಲಿ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12ರದೇ ಒಂದು ರೂಪ, 1500 ಮೈಕ್ರೋಗ್ರಾಂ. ಹಿಂದುಗಡೆ, ಬೆಳ್ಳಿಹಾಳೆಯ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಫೋಲಿಕ್ ಆಮ್ಲ, ಬಿ6, ಅವುಗಳ ಜೊತೆಗೆ ಆಲ್ಫಾ ಲಿಪೋಯಿಕ್ ಆಮ್ಲ 100 ಮಿಲಿಗ್ರಾಂ. ಮೂರರಲ್ಲೂ ಅದಿತ್ತು. ಕೆಲವರಿಗೆ ಓಕರಿಕೆ, ಎದೆಯುರಿ ತರುವುದು ಈ ಲಿಪೋಯಿಕ್ ಆಮ್ಲವೇ.

ವೈದ್ಯರಿಗೆ ತೋರಿಸಿದೆ, ಅವರು ಒಪ್ಪಿ, ಬರೀ ಬಿ12 ಇರುವ ಗುಳಿಗೆ ಬರೆದುಕೊಟ್ಟರು. ಅದನ್ನು ಹುಡುಕುವುದೇ ಕಷ್ಟವಾಯಿತು. "ಬರೇ ಮೀಥೈಲ್ ಯಾರೂ ಕೇಳೂದಿಲ್ರಿ ಸರ" ಎಂದು ಧಾರವಾಡದ ನಾಲ್ಕು ಔಷಧ ಅಂಗಡಿಯವರು ಕೈಯಲ್ಲಾಡಿಸಿದ ಮೇಲೆ ಹುಬ್ಬಳ್ಳಿಯಲ್ಲಿ ದೊರೆಯಿತು, ಹತ್ತಕ್ಕೆ ನೂರು ರೂಪಾಯಿಯೊಳಗೆ. ಮೊದಲ ಎರಡು ವಾರ ಊಟ, ಚಹಾ, ಬೇರೆ ಗುಳಿಗೆ ಯಾವುದನ್ನೂ ಬದಲಿಸದೆ ದಿನವೂ ವಹಿಯಲ್ಲಿ ಬರೆದಿಟ್ಟೆ. ಉರಿ ಇಲ್ಲ. ಖಾತ್ರಿಗಾಗಿ, ವೈದ್ಯರಿಗೆ ತಿಳಿಸಿಯೇ, ಹಳೆಯ ಗುಳಿಗೆಯನ್ನು ಎರಡು ದಿನ ಮತ್ತೆ ನುಂಗಿದೆ. ಎರಡನೆಯ ರಾತ್ರಿಯೇ ಎದೆಯುರಿ ಎಬ್ಬಿಸಿ ಕೂರಿಸಿತು. ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಿದವರು ನಮ್ಮ ಬಳಗದಲ್ಲಿ ಮತ್ತೊಬ್ಬರಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಗುಳಿಗೆಯನ್ನು ಯಾವ ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳಬೇಕೆಂಬ ನನ್ನದೇ ಲೆಕ್ಕವೊಂದಿದೆ. ಇನ್ನೊಂದು ವರ್ಷ ನೋಡದೆ ಅದನ್ನು ಹೇಳಲಾರೆ. ನಾಲ್ಕು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಬಿ12 450ರ ಮೇಲೆ ಬಂದಿತು. ಬಲಗಾಲಿನ ಜುಮು ಪೂರ್ತಿ ಹೋಗಿದೆ, ಎಡಗಾಲಿನ ಹೆಬ್ಬೆರಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಕಳೆದ ವಾರ ಅಳಿಯ ತನ್ನ ತಾಯಿಯ ಸ್ಟ್ರಿಪ್ ತಂದು, ಭೂತಗನ್ನಡಿ ಎಲ್ಲಿದೆ ಎಂದು ಕೇಳಿದ.