ಸೇನೆಯ ರೈಫಲ್‌ನಂಥ ಕೋವಿ: ಕಾನೂನು ಅದನ್ನು ಅಳೆಯುವುದು ಹೇಗೆ?

ಕಪ್ಪು ಬಣ್ಣ, ಪ್ಲಾಸ್ಟಿಕ್ ಹಿಡಿ, ಉದ್ದನೆಯ ಮ್ಯಾಗಜೀನ್ (ತೋಟಾ ತುಂಬಿಡುವ ಡಬ್ಬಿ) ಕಂಡರೆ ಸಾಕು, ‘ಮಿಲಿಟರಿ ಗನ್’ ಅಂದುಬಿಡುತ್ತೇವೆ. ಈ ಮಾತಿಗೆ ಎಲ್ಲ ದೇಶಗಳೂ ಒಪ್ಪಿದ ಅರ್ಥವಿಲ್ಲ. ಒಂದು ಕಡೆ ಸಾದಾ ಪರವಾನಗಿಗೆ ಸಿಗುವ ರೈಫಲ್ ಇನ್ನೊಂದು ಕಡೆ ಜೈಲಿಗೆ ದಾರಿ ಮಾಡುತ್ತದೆ. ಒಂದು ಕೋವಿ ನಾಗರಿಕನ ಕೈಯಲ್ಲಿ ಇರಬಹುದೇ ಎಂದು ತಿಳಿಯಬೇಕಾದರೆ ಕೆಲವು ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳುತ್ತ ಹೋಗಬೇಕು.

ಹಂತ 1: ಟ್ರಿಗರ್ ಒಮ್ಮೆ ಎಳೆದರೆ ಎಷ್ಟು ಗುಂಡು?

ಅಮೆರಿಕದ 1934ರ ಕಾಯ್ದೆಯಂತೆ, ಟ್ರಿಗರ್‌ನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ತಾನಾಗಿ ಹಾರಿದರೆ ಅದು ಮಷಿನ್ ಗನ್. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯೂ, ಟ್ರಿಗರ್ ಬಿಡುವವರೆಗೆ ಅಥವಾ ಮ್ಯಾಗಜೀನ್ ಬರಿದಾಗುವವರೆಗೆ ಗುಂಡು ಉಗುಳುತ್ತಲೇ ಇರುವ ಕೋವಿಯನ್ನು ನಿಷೇಧಿತ ಎನ್ನುತ್ತದೆ. ಸೇನೆಯ ಅಸಲಿ ಅಸಾಲ್ಟ್ ರೈಫಲ್ ಇಲ್ಲೇ ಸಿಕ್ಕಿಬೀಳುತ್ತದೆ. ಅಮೆರಿಕದಲ್ಲಿ 1986ರ ಮೇ 19ಕ್ಕೆ ಮೊದಲು ನೋಂದಣಿಯಾದ ಮಷಿನ್ ಗನ್‌ಗಳಷ್ಟೇ ಇಂದಿಗೂ ಖಾಸಗಿಯವರ ನಡುವೆ ಕೈ ಬದಲಾಗಬಹುದು.

ಅಂಗಡಿಯಲ್ಲಿ ಸಿಗುವ ಎಆರ್-15 ಒಂದು ಎಳೆತಕ್ಕೆ ಒಂದೇ ಗುಂಡು ಹಾರಿಸುವ ಸೆಮಿ ಆಟೊಮ್ಯಾಟಿಕ್. (‘ಎಆರ್’ ಎಂದರೆ ಅಸಾಲ್ಟ್ ರೈಫಲ್ ಎಂದು ಈಗಲೂ ಬರೆಯುವವರಿದ್ದಾರೆ. ಅದು ಆರ್ಮಲೈಟ್ ಕಂಪನಿಯ ಹೆಸರಿನಿಂದ ಬಂದದ್ದು.) ಗಡಿ ಎಷ್ಟು ತೆಳುವೆಂಬುದಕ್ಕೆ ಬಂಪ್ ಸ್ಟಾಕ್ ಪ್ರಕರಣ ನೋಡಿ. ಹಿಮ್ಮೆಟ್ಟುವ ರಭಸ ಬಳಸಿ ಬೆರಳಿಗೆ ಟ್ರಿಗರ್ ಮತ್ತೆ ಮತ್ತೆ ತಾಗುವಂತೆ ಮಾಡುವ ಈ ಹಿಡಿಯನ್ನು 2018ರ ನಿಯಮ ಮಷಿನ್ ಗನ್ ಎಂದಿತ್ತು. 2024ರ ಜೂನ್ 14ರಂದು ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಎಷ್ಟೇ ವೇಗವಿರಲಿ, ಪ್ರತಿ ಗುಂಡಿಗೂ ಟ್ರಿಗರ್ ಹೊಸದಾಗಿ ಚಲಿಸುತ್ತದಲ್ಲ ಎಂಬುದು ಬಹುಮತದ ತರ್ಕ.

ಸೇನೆಯ ರೈಫಲ್ ಅನ್ನೇ ಸೆಮಿ ಆಟೊಮ್ಯಾಟಿಕ್ ಆಗಿ ಮಾರ್ಪಡಿಸಿದ್ದರೆ? ಐರೋಪ್ಯ ಒಕ್ಕೂಟದ 2017ರ ನಿರ್ದೇಶನ ಅದನ್ನೂ ನಿಷೇಧಿತ ‘ಎ’ ವರ್ಗಕ್ಕೇ ಸೇರಿಸುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಸೇವೆ ಮುಗಿಸಿದ ಸೈನಿಕ ಹೀಗೆ ಮಾರ್ಪಡಿಸಿದ ತನ್ನ ರೈಫಲ್ ಇಟ್ಟುಕೊಳ್ಳುವುದಕ್ಕೆ ವಿಶೇಷ ವಿನಾಯಿತಿ ಇದೆ.

ಹಂತ 2: ಮುಂದಿನ ತೋಟಾ ಒಳಗೆ ಹೋಗುವುದು ಹೇಗೆ?

ಕೈಯಿಂದ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ಭಾಗ) ಎಳೆಯಬೇಕೇ, ಕೋವಿಯೇ ತುಂಬಿಕೊಳ್ಳುತ್ತದೆಯೇ? ಬಹಳ ದೇಶಗಳ ಮುಖ್ಯ ಗೆರೆ ಇದೇ. ಬ್ರಿಟನ್ 1988ರಲ್ಲಿ, ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ, ಮೂರೂ ಸಾಮೂಹಿಕ ಹತ್ಯೆಗಳ ಬೆನ್ನಿಗೇ, ಸೆಂಟರ್‌ಫೈರ್ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು ಸಾಮಾನ್ಯ ಮಾಲೀಕರಿಂದ ದೂರವಿಟ್ಟವು.

ಸೆಂಟರ್‌ಫೈರ್ ಹೌದೋ ಅಲ್ಲವೋ ತಿಳಿಯಲು ತೋಟಾದ ಬುಡ ನೋಡಿದರೆ ಸಾಕು. ನಟ್ಟನಡುವೆ ಬೇರೆ ಲೋಹದ ಪುಟ್ಟ ಬಿಲ್ಲೆ ಕೂತಿದ್ದರೆ ಸೆಂಟರ್‌ಫೈರ್. ಬುಡ ಬೋಳಾಗಿದ್ದರೆ ರಿಮ್‌ಫೈರ್. ಕಿಡಿ ಹೊತ್ತಿಸುವ ಮದ್ದು ಅದರ ಅಂಚಿನೊಳಗಿರುತ್ತದೆ. .22 ರಿಮ್‌ಫೈರ್‌ಗೆ ಬ್ರಿಟನ್ ವಿನಾಯಿತಿ ಕೊಟ್ಟಿದೆ. ಹೀಗಾಗಿ ಅಲ್ಲಿ ಎಆರ್-15ರ ತದ್ರೂಪದಂತಿರುವ .22 ರೈಫಲ್ ಪರವಾನಗಿಗೆ ಸಿಗುತ್ತದೆ, ಮರದ ಹಿಡಿಯ ಸೆಂಟರ್‌ಫೈರ್ ಸೆಮಿ ಆಟೊಮ್ಯಾಟಿಕ್ ಸಿಗುವುದಿಲ್ಲ.

ಹಂತ 3: ಮ್ಯಾಗಜೀನ್

ಕೆನಡಾದಲ್ಲಿ ಸೆಂಟರ್‌ಫೈರ್ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಸಾಮಾನ್ಯ ಮಿತಿ 5 ತೋಟಾ; ಐರೋಪ್ಯ ಒಕ್ಕೂಟದಲ್ಲಿ 10. ಯುರೋಪಿನಲ್ಲಿ ಜನ ಎಡವುವುದು ಇಲ್ಲೇ: 10ಕ್ಕಿಂತ ಹೆಚ್ಚು ಹಿಡಿಸುವ ಮ್ಯಾಗಜೀನ್ ಸಿಕ್ಕಿಸಿದ ಗಳಿಗೆಯಲ್ಲಿ ಅದೇ ರೈಫಲ್ ನಿಷೇಧಿತ ವರ್ಗಕ್ಕೆ ಜಾರುತ್ತದೆ. ಸಿಕ್ಕಿಸದೆ ಬೀರುವಿನಲ್ಲಿ ಇಟ್ಟಿದ್ದರೂ, ವಿಶೇಷ ಅನುಮತಿ ಇಲ್ಲದಿದ್ದರೆ ಪರವಾನಗಿಯೇ ಹೋಗಬಹುದು.

ಹಂತ 4: ಬೋರ್ (ನಳಿಕೆಯ ಒಳ ಅಳತೆ)

ಭಾರತದ ಕಾನೂನು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು ದೂರವಿಡುವುದಲ್ಲದೆ ತೋಟಾವನ್ನೂ ನೋಡುತ್ತದೆ. .303 ಅಥವಾ 7.62 ಮಿ.ಮೀ. ಸೇನಾ ತೋಟಾ ತುಂಬಿ ಹಾರಿಸಬಲ್ಲ ರೈಫಲ್, ಬೋಲ್ಟ್ ಎಳೆಯುವ ಹಳೇ ಮಾದರಿಯದಾದರೂ, ‘ನಿಷೇಧಿತ ಬೋರ್’. ಅದಕ್ಕೆ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಸಚಿವಾಲಯದ್ದು. ಸರ್ಕಾರಿ ಆರ್ಡ್ನನ್ಸ್ ಕಾರ್ಖಾನೆ ನಾಗರಿಕರಿಗೆಂದು .315 ಬೋರ್‌ನ ಸ್ಪೋರ್ಟಿಂಗ್ ರೈಫಲ್ ಮಾಡುತ್ತ ಬಂದದ್ದರ ಗುಟ್ಟು ಇದು: ಸೇನೆಯ ತೋಟಾ ಅದಕ್ಕೆ ಹೊಂದುವುದಿಲ್ಲ. ಕೆನಡಾದಲ್ಲಿ ಜಿಂಕೆ ಬೇಟೆಗೆ ಒಯ್ಯುವ ಮರದ ಹಿಡಿಯ ಹಳೇ .303 ಇಲ್ಲಿ ನಿಷೇಧಿತ. ಕಣ್ಣಿಗೆ ಕಾಣುವ ರೂಪ ನಂಬಿದವರು ಇಲ್ಲಿ ಖಂಡಿತ ಮೋಸ ಹೋಗುತ್ತಾರೆ.

ಹಂತ 5: ಉದ್ದ ಅಳೆಯುವುದು

ಮೊದಲು ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ. ಬಳಿಕ ಬೋಲ್ಟ್ ಮುಚ್ಚಿ, ನಳಿಕೆಯ ಬಾಯಿಂದ ತೆಳ್ಳನೆಯ ಮರದ ಕೋಲು ಇಳಿಬಿಡಿ. ಅದು ಬೋಲ್ಟ್‌ನ ಮುಖಕ್ಕೆ ತಾಗಿ ನಿಂತಾಗ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಅಮೆರಿಕದಲ್ಲಿ ಇದು 16 ಇಂಚಿಗಿಂತ ಕಡಿಮೆ ಅಥವಾ ಇಡೀ ರೈಫಲ್ 26 ಇಂಚಿಗಿಂತ ಕಡಿಮೆ ಇದ್ದರೆ 1934ರ ಕಾಯ್ದೆಯಡಿ ನೋಂದಣಿ ಬೇಕು. ನಳಿಕೆಯ ತುದಿಗೆ ತಿರುಪಿ ಕೂರಿಸಿದ ಬಿಡಿಭಾಗ ಲೆಕ್ಕಕ್ಕಿಲ್ಲ. ಬೆಸುಗೆಯಂತೆ ಶಾಶ್ವತವಾಗಿ ಜೋಡಿಸಿದ್ದರೆ ಮಾತ್ರ ಸೇರುತ್ತದೆ. ಮಡಚುವ ಸ್ಟಾಕ್ (ಭುಜಕ್ಕೆ ಒತ್ತಿಕೊಳ್ಳುವ ಹಿಂಭಾಗ) ಇದ್ದರೆ ಇನ್ನೊಂದು ಗೊಂದಲ: ಅಮೆರಿಕದ ಕೇಂದ್ರ ಕಾನೂನು ಬಿಚ್ಚಿ ಅಳೆಯುತ್ತದೆ, ಕ್ಯಾಲಿಫೋರ್ನಿಯಾ ಮಡಚಿ ಅಳೆಯುತ್ತದೆ. ಕೆನಡಾದಲ್ಲಿ ಮಡಚಿದಾಗ 660 ಮಿ.ಮೀ.ಗಿಂತ ಕುಗ್ಗಿಯೂ ಹಾರುವ ರೈಫಲ್ ನಿರ್ಬಂಧಿತ ವರ್ಗಕ್ಕೆ ಹೋಗುತ್ತದೆ.

ಹಂತ 6: ಹೊರಲಕ್ಷಣ

ಅತಿ ಹೆಚ್ಚು ಜಗಳ ಎದ್ದಿರುವುದು ಈ ಹಂತದಲ್ಲಿ. 1994ರ ಸೆಪ್ಟೆಂಬರ್ 13ರಿಂದ ಹತ್ತು ವರ್ಷ ಜಾರಿಯಲ್ಲಿದ್ದ ಅಮೆರಿಕದ ನಿಷೇಧ ಐದು ಲಕ್ಷಣ ಪಟ್ಟಿ ಮಾಡಿತ್ತು: ಮಡಚುವ ಅಥವಾ ಒಳಸರಿಯುವ ಸ್ಟಾಕ್, ಕೆಳಗೆ ಚಾಚಿದ ಪಿಸ್ತೂಲ್ ಹಿಡಿ, ಬಯೊನೆಟ್ ಕೊಂಡಿ, ನಳಿಕೆಯ ತುದಿಯ ಕಿಡಿಮರೆ (ಗುಂಡು ಹಾರುವಾಗಿನ ಬೆಳಕನ್ನು ತಗ್ಗಿಸುವ ಭಾಗ) ಅಥವಾ ಅದಕ್ಕಾಗಿ ಕೊರೆದ ತಿರುಪು, ಗ್ರೆನೇಡ್ ಲಾಂಚರ್. ಕಳಚುವ ಮ್ಯಾಗಜೀನಿನ ಸೆಮಿ ಆಟೊಮ್ಯಾಟಿಕ್ ರೈಫಲ್‌ಗೆ ಇವುಗಳಲ್ಲಿ ಎರಡಿದ್ದರೆ ನಿಷೇಧ. ತಯಾರಕರು ಬಯೊನೆಟ್ ಕೊಂಡಿ, ಕಿಡಿಮರೆ ತೆಗೆದು ಅದೇ ರೈಫಲ್ ಮಾರಿದರು. ಎಣಿಕೆ ತಪ್ಪಿತು, ಯಂತ್ರ ಹಾಗೇ ಉಳಿಯಿತು. ಅಲಂಕಾರ ಎಣಿಸುವ ಕಾನೂನಿನ ಹಣೆಬರಹವೇ ಇದು.

ಕ್ಯಾಲಿಫೋರ್ನಿಯಾ 2000ದಿಂದ ಒಂದೇ ಲಕ್ಷಣ ಸಾಕು ಎಂದಿತು. ಉಪಕರಣವಿಲ್ಲದೆ ಬಿಚ್ಚಲಾಗದ ಮ್ಯಾಗಜೀನ್ ‘ಕಳಚುವಂಥದ್ದಲ್ಲ’ ಎಂಬ ಅದರ ವ್ಯಾಖ್ಯೆಯಲ್ಲಿ ಗುಂಡಿನ ತುದಿಯೂ ಉಪಕರಣವೇ ಆಗಿತ್ತು. ಅದರಿಂದ ಒತ್ತುವ ಬಟನ್ ಮಾರುಕಟ್ಟೆಗೆ ಬಂತು. ಆ ಸಂದು ಮುಚ್ಚುವ ಕಾನೂನು ಬಂದದ್ದು 2017ರಲ್ಲಿ.

ಜರ್ಮನಿಯದು ಚೊಕ್ಕ ದಾರಿ. ಯುದ್ಧಾಸ್ತ್ರದಂತೆ ಕಾಣುವ ಸೆಮಿ ಆಟೊಮ್ಯಾಟಿಕ್ ಅನ್ನು ಕ್ರೀಡೆಗೆ ಬಳಸಬೇಕಾದರೆ ನಳಿಕೆ 42 ಸೆಂ.ಮೀ.ಗಿಂತ ಕಡಿಮೆ ಇರಬಾರದು, ಮ್ಯಾಗಜೀನ್ ಟ್ರಿಗರ್‌ನ ಹಿಂದೆ ಇರಬಾರದು, ತೋಟಾದ ಕೋಶ 40 ಮಿ.ಮೀ.ಗಿಂತ ಚಿಕ್ಕದಿರಬಾರದು. ಕಲಾಶ್ನಿಕೋವ್ ತೋಟಾದ ಕೋಶ 39 ಮಿ.ಮೀ. ಒಂದೇ ಮಿಲಿಮೀಟರಿಗೆ ಅದು ಹೊರಗೆ.

ಹಂತ 7: ಪಟ್ಟಿ, ನಂಬರ್, ಬಿಡಿಭಾಗ

ಎಲ್ಲ ಪರೀಕ್ಷೆ ದಾಟಿದ ರೈಫಲ್‌ನ ಹೆಸರೇ ಪಟ್ಟಿಯಲ್ಲಿರಬಹುದು. ಕೆನಡಾ 2020ರ ಮೇ 1ರಂದು ಸುಮಾರು 1,500 ಮಾದರಿಗಳನ್ನು ಹೆಸರಿಸಿಯೇ ನಿಷೇಧಿಸಿತು. ಪಟ್ಟಿಗಳು ಬೆಳೆಯುತ್ತವೆ, ಆದ್ದರಿಂದ ಖರೀದಿಯ ದಿನ ನೋಡಿದ್ದು ನವೀಕರಣದ ದಿನಕ್ಕೆ ಹಳತಾಗಿರುತ್ತದೆ.

ಕೊನೆಯದಾಗಿ, ಕಾನೂನಿನ ಲೆಕ್ಕದಲ್ಲಿ ಕೋವಿ ಎಂದರೆ ಯಾವ ತುಂಡು? ಎಆರ್-15ರಲ್ಲಿ ಟ್ರಿಗರ್ ಕೂರುವ ಕೆಳಕವಚದ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಅಮೆರಿಕದಲ್ಲಿ ಅದೊಂದೇ ‘ಕೋವಿ’, ನಳಿಕೆ ಬರೀ ಬಿಡಿಭಾಗ. ಐರೋಪ್ಯ ಒಕ್ಕೂಟದಲ್ಲಿ ನಳಿಕೆಯೂ ಬೋಲ್ಟೂ ಅವಶ್ಯ ಭಾಗಗಳು, ಅವಕ್ಕೂ ಪರವಾನಗಿ ಬೇಕು. ಅಮೆರಿಕದಲ್ಲಿ ಕೊಂಡ ನಳಿಕೆಯನ್ನು ಬಿಡಿಭಾಗವೆಂದು ಪೆಟ್ಟಿಗೆಗೆ ಹಾಕಿಕೊಂಡು ಯುರೋಪಿಗೆ ಹೊರಟವನು, ಅಲ್ಲಿನ ಕಾನೂನಿನಂತೆ ಕೋವಿಯನ್ನೇ ಸಾಗಿಸುತ್ತಿರುತ್ತಾನೆ.