ಆಫ್ಟರ್ ಎಫೆಕ್ಟ್ಸ್‌ನಲ್ಲಿ ನಿಮ್ಮದೇ ಶಾರ್ಟ್‌ಕಟ್ ರೂಪಿಸಿಕೊಳ್ಳುವುದು ಹೇಗೆ?

ಹಾಡಿನ ತಾಳಕ್ಕೆ ಸರಿಯಾಗಿ ಅಕ್ಷರಗಳು ಮೂಡಿ ಮರೆಯಾಗುವ ವಿಡಿಯೊ ಮಾಡುವವರಿಗೆ ಮಾರ್ಕರ್ ಇಲ್ಲದೆ ಕೆಲಸ ಸಾಗುವುದಿಲ್ಲ. ಪ್ರತಿ ಪೆಟ್ಟು ಬೀಳುವ ಜಾಗದಲ್ಲೂ ಟೈಮ್‌ಲೈನ್‌ನಲ್ಲಿ ಒಂದು ಗುರುತು ಇಟ್ಟುಕೊಂಡರೆ ಮುಂದೆ ಕೀಫ್ರೇಮ್‌ಗಳನ್ನು, ಅಂದರೆ ಯಾವ ಕ್ಷಣದಲ್ಲಿ ಅಕ್ಷರ ಎಲ್ಲಿ, ಹೇಗೆ ಇರಬೇಕೆಂದು ಹೇಳುವ ಬಿಂದುಗಳನ್ನು, ಅದಕ್ಕೆ ಹೊಂದಿಸುವುದು ಸುಲಭ. ಆದರೆ ಇಂಥ ಚಲಿಸುವ ಚಿತ್ರ, ಅಕ್ಷರಗಳನ್ನು ರೂಪಿಸುವ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್‌ನ ವಿಂಡೋಸ್ ಆವೃತ್ತಿಯಲ್ಲಿ ಈ ಗುರುತಿಗೆ ಮೊದಲಿನಿಂದ ನಿಗದಿಯಾಗಿರುವುದು ಬಲಬದಿಯ ಸಂಖ್ಯಾ ಕೀಲಿಗಳ ನಡುವಿನ ನಕ್ಷತ್ರ ಚಿಹ್ನೆ. ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಗಳ ಸಾಲೇ ಇರುವುದಿಲ್ಲವಾದ್ದರಿಂದ, ಅಂಥವರು ಪ್ರತಿ ಸಲವೂ ಲೇಯರ್ ಮೆನು ತೆರೆದು, ಅದರೊಳಗಿನ ಮಾರ್ಕರ್ಸ್ ಎಂಬಲ್ಲಿಗೆ ಹೋಗಿ, ಆ್ಯಡ್ ಮಾರ್ಕರ್ ಆರಿಸಬೇಕಾಗುತ್ತದೆ. 1993ರಲ್ಲಿ ಮೊದಲು ಹೊರಬಂದ, ಈಗ ಅಡೋಬಿಯ ಒಡೆತನದಲ್ಲಿರುವ ಈ ತಂತ್ರಾಂಶದ ಹಲವು ಶಾರ್ಟ್‌ಕಟ್‌ಗಳು ಪೂರ್ಣ ಗಾತ್ರದ ಕೀಲಿಮಣೆ ಇದೆಯೆಂದೇ ಭಾವಿಸುತ್ತವೆ. ನಮ್ಮ ಮೇಜಿನ ಮೇಲಿರುವುದು ಬೇರೆಯಾಗಿದ್ದರೆ ಶಾರ್ಟ್‌ಕಟ್ ಬದಲಾಗಬೇಕೇ ಹೊರತು ಕೈ ಒದ್ದಾಡಬಾರದು.

ಬದಲಾವಣೆಗೆ ಮೊದಲು ಒಂದು ಸಣ್ಣ ಪಟ್ಟಿ ಮಾಡಿಕೊಳ್ಳಿ. ಕೆಲಸ ಮಾಡುತ್ತಿರುವಾಗ ಯಾವ ಆದೇಶಕ್ಕಾಗಿ ಪದೇ ಪದೇ ಮೌಸ್ ಹಿಡಿದು ಮೆನುವಿಗೆ ಹೋಗುತ್ತೀರಿ, ಯಾವುದಕ್ಕೆ ಎರಡೂ ಕೈ ಬೇಕಾಗುತ್ತದೆ ಎಂಬುದನ್ನು ಬರೆದಿಡಿ. ಲೇಯರ್‌ನ (ಒಂದರ ಮೇಲೊಂದು ಕೂರುವ ಪದರದ) ಆ್ಯಂಕರ್ ಪಾಯಿಂಟನ್ನು, ಅಂದರೆ ಅದು ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದನ್ನು, ನಡುವಿಗೆ ತರುವ ಆದೇಶ ಇದಕ್ಕೆ ಒಳ್ಳೆಯ ಉದಾಹರಣೆ: ಅದರ ಶಾರ್ಟ್‌ಕಟ್ ಕಂಟ್ರೋಲ್, ಆಲ್ಟ್ ಮತ್ತು ಹೋಮ್. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಕೀಲಿಗೆ ಎಫ್‌ಎನ್ ಕೂಡ ಒತ್ತಬೇಕಾಗಿರುವುದರಿಂದ ಒಂದು ಆದೇಶಕ್ಕೆ ನಾಲ್ಕು ಕೀಲಿಗಳಾದವು. ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಒಮ್ಮೆಗೇ ಹತ್ತಾರು ಬದಲಾವಣೆ ಮಾಡಿದರೆ ಯಾವುದೂ ಬೆರಳಿಗೆ ಒಗ್ಗುವುದಿಲ್ಲ.

ಈಗ ತಂತ್ರಾಂಶದಲ್ಲಿ ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ಸ್ ತೆರೆಯಿರಿ. ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಅಪಾಸ್ಟ್ರಫಿ ಚಿಹ್ನೆಯ ಕೀಲಿ ಒತ್ತಿದರೂ ಅದೇ ಕಿಟಕಿ ತೆರೆದುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಬದಲು ಕಮಾಂಡ್ ಮತ್ತು ಆಪ್ಷನ್ ಬಳಸಬೇಕು. ಈ ಸೌಲಭ್ಯ ಮೊದಲು ಬಂದದ್ದು 2017ರ ಅಕ್ಟೋಬರ್‌ನ ಆವೃತ್ತಿಯಲ್ಲಿ. ಅದಕ್ಕೂ ಹಿಂದೆ ಪಠ್ಯ ಕಡತವೊಂದನ್ನು ತೆರೆದು ಕೈಯಾರೆ ತಿದ್ದಬೇಕಾಗಿತ್ತು, ಇಲ್ಲವೇ ಅದಕ್ಕೆಂದೇ ಇರುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮ್‌ನ ಮೊರೆ ಹೋಗಬೇಕಾಗಿತ್ತು.

ಕಿಟಕಿಯ ಮೇಲ್ಭಾಗದಲ್ಲಿ ಕೀಲಿಮಣೆಯ ಚಿತ್ರ ಕಾಣುತ್ತದೆ. ನೇರಳೆ ಬಣ್ಣದ ಕೀಲಿಗಳಿಗೆ ಇಡೀ ತಂತ್ರಾಂಶಕ್ಕೆ ಅನ್ವಯಿಸುವ ಆದೇಶ ಇದೆ ಎಂದರ್ಥ. ಹಸಿರು ಬಣ್ಣದವು ಒಂದು ನಿರ್ದಿಷ್ಟ ಪ್ಯಾನೆಲ್‌ಗೆ (ತಂತ್ರಾಂಶದ ಪರದೆಯ ಒಂದು ವಿಭಾಗಕ್ಕೆ) ಮಾತ್ರ ಸೇರಿದವು. ಎರಡೂ ಬಣ್ಣ ಇದ್ದರೆ ಒಂದೇ ಕೀಲಿ ಎರಡೂ ಕಡೆ ದುಡಿಯುತ್ತಿದೆ, ಮತ್ತು ಆ ಪ್ಯಾನೆಲ್ ಸಕ್ರಿಯವಾಗಿರುವಾಗ ಪ್ಯಾನೆಲ್‌ನ ಆದೇಶಕ್ಕೇ ಆದ್ಯತೆ. ಒಂದೇ ಕೀಲಿ ಒಮ್ಮೆ ಕೇಳಿದಂತೆ, ಮತ್ತೊಮ್ಮೆ ಕೇಳದಂತೆ ನಡೆದುಕೊಳ್ಳುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ಸಕ್ರಿಯ ಪ್ಯಾನೆಲ್ ಯಾವುದೆಂಬುದನ್ನು ಅದರ ಸುತ್ತಲಿನ ನೀಲಿ ಗೆರೆ ತೋರಿಸುತ್ತದೆ. ಬಣ್ಣವಿಲ್ಲದ ಕೀಲಿಗಳು ಖಾಲಿ ಇವೆ. ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳನ್ನು ಒತ್ತಿ ಹಿಡಿದರೆ ಆಯಾ ಜೋಡಣೆಯಲ್ಲಿ ಯಾವ ಕೀಲಿ ಬಿಡುವಾಗಿದೆ ಎಂಬುದೂ ಚಿತ್ರದಲ್ಲೇ ತಿಳಿಯುತ್ತದೆ.

ಮೊದಲ ಹೆಜ್ಜೆಯಾಗಿ, ಏನನ್ನೂ ಮುಟ್ಟುವ ಮೊದಲು, ಸೇವ್ ಆ್ಯಸ್ ಒತ್ತಿ ಈಗಿರುವ ವ್ಯವಸ್ಥೆಗೆ ನಿಮ್ಮದೊಂದು ಹೆಸರು ಕೊಟ್ಟು ಉಳಿಸಿ. ಮುಂದಿನ ಬದಲಾವಣೆಗಳೆಲ್ಲ ಈ ಪ್ರತಿಯಲ್ಲೇ ಆಗಲಿ. ಮೂಲ ವ್ಯವಸ್ಥೆ ಪಟ್ಟಿಯಲ್ಲಿ ಹಾಗೆಯೇ ಇರುವುದರಿಂದ, ಬೇರೆಯವರು ಅದೇ ಕಂಪ್ಯೂಟರಿನಲ್ಲಿ ಕುಳಿತಾಗ ಒಂದೇ ಆಯ್ಕೆಯಲ್ಲಿ ಅದಕ್ಕೆ ಮರಳಬಹುದು. ಪಾಳಿಯಲ್ಲಿ ಕೆಲಸ ನಡೆಯುವ ಸ್ಟುಡಿಯೊಗಳಲ್ಲಿ ಇದನ್ನು ಸಹೋದ್ಯೋಗಿಗೆ ತೋರುವ ಗೌರವವೆಂದೇ ತಿಳಿಯಬೇಕು.

ಬಳಿಕ ಹುಡುಕು ಪೆಟ್ಟಿಗೆಯಲ್ಲಿ ಆ್ಯಡ್ ಮಾರ್ಕರ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಪಟ್ಟಿಯಲ್ಲಿ ಆದೇಶ ಕಂಡ ಮೇಲೆ ಅದರ ಎದುರಿನ ಶಾರ್ಟ್‌ಕಟ್ ಜಾಗದಲ್ಲಿ ಕ್ಲಿಕ್ ಮಾಡಿ, ಬೇಕಾದ ಕೀಲಿಗಳನ್ನು ಒತ್ತಿ. ಅಥವಾ ಆದೇಶವನ್ನು ಮೌಸ್‌ನಿಂದ ಎಳೆದು ಚಿತ್ರದ ಕೀಲಿಯ ಮೇಲೆ ಬಿಡಿ. ಆ ಜೋಡಣೆ ಈಗಾಗಲೇ ಬೇರೊಂದು ಆದೇಶಕ್ಕೆ ಸೇರಿದ್ದರೆ ಕಿಟಕಿಯ ಕೆಳಭಾಗದಲ್ಲಿ ಎಚ್ಚರಿಕೆ ಬರುತ್ತದೆ. ಅದನ್ನು ಓದದೆ ಓಕೆ ಒತ್ತಬೇಡಿ. ಒಂದು ಆದೇಶಕ್ಕೆ ಒಂದಕ್ಕಿಂತ ಹೆಚ್ಚು ಶಾರ್ಟ್‌ಕಟ್ ಇರಬಹುದಾದ್ದರಿಂದ ಹಳೆಯದನ್ನು ಅಳಿಸಬೇಕಾದ ಅಗತ್ಯವೂ ಇಲ್ಲ.

ಯಾವ ಕೀಲಿಗಳನ್ನು ಮುಟ್ಟಬಾರದು ಎಂಬುದರಲ್ಲಿ ನನ್ನದು ಖಚಿತ ನಿಲುವು. ಸ್ಥಾನಕ್ಕೆ ಪಿ, ಗಾತ್ರಕ್ಕೆ ಎಸ್, ತಿರುಗುವಿಕೆಗೆ ಆರ್, ಪಾರದರ್ಶಕತೆಗೆ ಟಿ, ಕೀಫ್ರೇಮ್ ಇರುವ ಗುಣಗಳನ್ನೆಲ್ಲ ತೋರಿಸಲು ಯು, ಚಲನೆಯನ್ನು ಮೃದುಗೊಳಿಸಲು ಎಫ್ 9. ಕಲಿಕೆಯ ವಿಡಿಯೊಗಳೆಲ್ಲ ಇವುಗಳ ಮೇಲೆಯೇ ನಿಂತಿವೆ. ಇವನ್ನು ಬದಲಿಸಿಕೊಂಡವರು ಬೇರೆ ಕಡೆ ಕೆಲಸಕ್ಕೆ ಹೋದಾಗ ಮೊದಲಿನಿಂದ ಕಲಿಯಬೇಕಾಗುತ್ತದೆ.

ತಂತ್ರಾಂಶದ ಹೊರಗಿನ ತಿಕ್ಕಾಟಗಳನ್ನು ಈ ಕಿಟಕಿ ತೋರಿಸುವುದಿಲ್ಲ. ಲೇಯರನ್ನು ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ ಸರಿಸಲು ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಒತ್ತಿದಾಗ ಕೆಲವು ಕಂಪ್ಯೂಟರುಗಳಲ್ಲಿ ಇಡೀ ಪರದೆಯೇ ತಲೆಕೆಳಗಾಗುವುದುಂಟು. ಗ್ರಾಫಿಕ್ಸ್ ಚಾಲಕ ತಂತ್ರಾಂಶವೂ ಅದೇ ಜೋಡಣೆಯನ್ನು ಬಳಸುತ್ತಿರುತ್ತದೆ. ಅಲ್ಲಿನ ಹಾಟ್‌ಕೀಗಳನ್ನು, ಅಂದರೆ ಆ ಚಾಲಕದ ಶಾರ್ಟ್‌ಕಟ್‌ಗಳನ್ನು, ನಿಲ್ಲಿಸಿದರೆ ತೊಂದರೆ ತೀರುತ್ತದೆ.

ಕನ್ನಡದಲ್ಲಿ ಶೀರ್ಷಿಕೆ ಕೂರಿಸುವವರಿಗೆ ಇನ್ನೊಂದು ತೊಡಕಿದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಪಿ ಒತ್ತಿದರೆ ಜ, ಯು ಒತ್ತಿದರೆ ಹ ಮೂಡುತ್ತದೆ. ಕನ್ನಡ ಟೈಪಿಂಗ್ ಚಾಲನೆಯಲ್ಲಿ ಇರುವಾಗ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಸ್ಪಂದಿಸದೇ ಹೋಗಬಹುದು. ಆದ್ದರಿಂದ ಶಾರ್ಟ್‌ಕಟ್ ಕೈಕೊಟ್ಟಾಗ ಮೊದಲು ನೋಡಬೇಕಾದುದು ಕಾರ್ಯಪಟ್ಟಿಯ ಮೂಲೆಯಲ್ಲಿರುವ ಭಾಷೆಯ ಗುರುತನ್ನು. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಮರಳಿ, ಸಂಖ್ಯಾ ಕೀಲಿಗಳ ಎಂಟರ್ ಅಥವಾ ಕಂಟ್ರೋಲ್ ಮತ್ತು ಎಂಟರ್ ಒತ್ತಿ ಪಠ್ಯ ತಿದ್ದುವುದರಿಂದ ಹೊರಬನ್ನಿ. ಹಾಗೆ ಹೊರಬಾರದಿದ್ದರೆ ನೀವು ಒತ್ತಿದ ಪ್ರತಿ ಶಾರ್ಟ್‌ಕಟ್ ಅಕ್ಷರವೂ ಶೀರ್ಷಿಕೆಯೊಳಗೇ ಸೇರಿಕೊಳ್ಳುತ್ತದೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಜೋಡಣೆಯೂ ವಿಂಡೋಸ್‌ನಲ್ಲಿ ಭಾಷೆ ಬದಲಿಸಲು ಬಳಕೆಯಾಗುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೀಫ್ರೇಮ್ ಹಾಕಲು ಆಲ್ಟ್, ಶಿಫ್ಟ್ ಮತ್ತು ಪಿ ಒತ್ತುವವರು ಭಾಷೆ ತಾನಾಗಿ ಬದಲಾಗುತ್ತಿದೆ ಎಂದು ಕಂಡರೆ, ವಿಂಡೋಸ್ ಸೆಟ್ಟಿಂಗ್ಸ್‌ನ ಸುಧಾರಿತ ಕೀಬೋರ್ಡ್ ವಿಭಾಗದಲ್ಲಿ ಆ ಜೋಡಣೆಯನ್ನು ತೆಗೆದುಹಾಕುವುದು ಒಳಿತು.

ಕೊನೆಯದಾಗಿ, ರೂಪಿಸಿದ್ದನ್ನು ಕಾಪಾಡಿಕೊಳ್ಳಿ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋದರೆ, ಪ್ರಿಫರೆನ್ಸಸ್ ಫೋಲ್ಡರನ್ನು ತೆರೆದು ತೋರಿಸುವ ಗುಂಡಿ ಇದೆ. ಆ ಫೋಲ್ಡರಿನಲ್ಲಿ ಎ, ಇ, ಕೆ, ಎಸ್ ಎಂಬ ನಾಲ್ಕು ಅಕ್ಷರಗಳ ಹೆಸರಿನ ಇನ್ನೊಂದು ಫೋಲ್ಡರ್ ಇದ್ದು, ನೀವು ಹೆಸರು ಕೊಟ್ಟು ಉಳಿಸಿದ ವ್ಯವಸ್ಥೆ ಅದರಲ್ಲಿ ಪಠ್ಯ ಕಡತವಾಗಿ ಇರುತ್ತದೆ. ಅದನ್ನು ಪೆನ್ ಡ್ರೈವ್‌ಗೆ ನಕಲು ಮಾಡಿಟ್ಟುಕೊಂಡರೆ ಇನ್ನೊಂದು ವಿಂಡೋಸ್ ಕಂಪ್ಯೂಟರಿನ ಅದೇ ಫೋಲ್ಡರಿಗೆ ಹಾಕಿ, ತಂತ್ರಾಂಶವನ್ನು ಮತ್ತೆ ತೆರೆದು, ಪಟ್ಟಿಯಿಂದ ಆರಿಸಿಕೊಳ್ಳಬಹುದು. ಪ್ರತಿ ಆವೃತ್ತಿಗೂ ಬೇರೆಯದೇ ಫೋಲ್ಡರ್ ಇರುವುದರಿಂದ, ಹೊಸ ಆವೃತ್ತಿಗೆ ಹೋದ ದಿನವೇ ನಿಮ್ಮ ವ್ಯವಸ್ಥೆ ಅಲ್ಲಿಗೂ ಬಂದಿದೆಯೇ ಎಂದು ನೋಡಿಕೊಳ್ಳಿ.