ಕಳೆ ಕಟರ್, ಔಷಧಿ ಹೊಡೆಯೋ ಮಷೀನ್ ಎತ್ತಿಡೋ ಮುಂಚೆ ಇಷ್ಟು ಮಾಡಿ

ರಾಗಿ ಕೊಯ್ಲು ಮುಗೀತು, ಮೆದೆ ಹಾಕಿದ್ದೂ ಆಯ್ತು, ಇನ್ನು ಮುಂಗಾರು ಬರೋವರ್ಗೂ ಕಳೆ ಕಟರ್‌ಗೆ ಅಷ್ಟಾಗಿ ಕೆಲ್ಸ ಇಲ್ಲ. ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟದ ಕಡೆ ಆಗ ಸುಮಾರು ಜನ ಮಾಡೋದು ಒಂದೇ, ಹೊಲದಿಂದ ತಂದವ್ರೇ ಟ್ಯಾಂಕ್‌ನಲ್ಲಿ ಪೆಟ್ರೋಲ್ ಇರೋ ಹಾಗೇ ಕೊಟ್ಟಿಗೆ ಮೂಲೇಲಿ ಒರಗಿಸಿ ಹೋಗ್ಬಿಡ್ತಾರೆ. ಆಮೇಲೆ ಜೂನ್‌ನಲ್ಲಿ ಹಗ್ಗ ಎಳ್ದು ಎಳ್ದು ಭುಜ ಬಿದ್ದೋದ್ರೂ ಸ್ಟಾರ್ಟ್ ಆಗಲ್ಲ, ಅದೇ ಟೈಮಲ್ಲಿ ಊರವ್ರೆಲ್ಲಾ ಅದೇ ಗೋಳು ಹೇಳ್ಕೊಂಡು ಮೆಕ್ಯಾನಿಕ್ ಹತ್ರ ಲೈನ್ ನಿಂತಿರ್ತಾರೆ, ಇತ್ಲಾಗೆ ಕಳೆ ಮೊಣಕಾಲು ಮುಟ್ಟಿರತ್ತೆ. ಮಷೀನ್ ದುಡಿದು ಕೆಡೋದು ಕಮ್ಮಿ ಕಣ್ರಪ್ಪ, ಕೂತು ಕೆಡೋದೇ ಜಾಸ್ತಿ. ಅದಕ್ಕೆ ಎತ್ತಿಡೋ ದಿನ ಒಂದು ಮಧ್ಯಾಹ್ನ ಕೂತು ಈ ಕೆಲ್ಸ ಮಾಡ್ಬಿಡಿ.

ಎಲ್ಲಕ್ಕಿಂತ ಮೊದ್ಲು ಪೆಟ್ರೋಲ್. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಹೆಚ್ಚುಕಮ್ಮಿ 20 ಪರ್ಸೆಂಟ್ ಎಥನಾಲ್ ಇರತ್ತೆ, ಎಥನಾಲ್‌ಗೆ ಗಾಳೀಲಿರೋ ತೇವ ಎಳ್ಕೊಳ್ಳೋ ಗುಣ. ನಮ್ಮಲ್ಲಿ ಕಾರ್ತಿಕ ಕಳೆದ್ಮೇಲೆ ಬೆಳಗ್ಗೆ ಎದ್ರೆ ಎದುರುಗಡೆ ಮನೆ ಕಾಣದಷ್ಟು ಮಂಜು, ರಾತ್ರಿ ಚಳಿ ಹಗಲು ಬಿಸ್ಲು, ಅರ್ಧ ತುಂಬಿದ ಟ್ಯಾಂಕ್ ಒಳಗೆ ಖಾಲಿ ಜಾಗದಲ್ಲಿ ನೀರು ಬೆವರತ್ತೆ. ಆ ನೀರು ಜಾಸ್ತಿಯಾದ್ರೆ ಎಥನಾಲ್ ಜೊತೆ ಸೇರ್ಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರತ್ತೆ, ಎಂಜಿನ್ ಎಳ್ಕೊಳ್ಳೋದೂ ತಳದಿಂದಾನೇ. ಇನ್ನು ಪೆಟ್ರೋಲ್‌ಗೆ ಗಾಳಿ ಬೆರೆಸೋ ಕಾರ್ಬೇಟರ್‌ನಲ್ಲಿ ನಿಂತ ಪೆಟ್ರೋಲ್ ಆರ್ತಾ ಆರ್ತಾ ಹಲಸಿನ ಮೇಣದ ಥರ ಅಂಟಾಗತ್ತೆ. ನಿಂತ ಮಷೀನಿನ ಕಾರ್ಬೇಟರ್ ಬಟ್ಟಲು ಬಿಚ್ಚಿ ನೋಡಿ ಬೇಕಾದ್ರೆ, ತಳದಲ್ಲಿ ಹಸಿರು ಹಳದಿ ಪಾಚಿ ಬಣ್ಣದ ಪದರ, ಮೂಗಿಗೆ ಹಿಡ್ಕೊಂಡ್ರೆ ಪೆಟ್ರೋಲ್ ವಾಸ್ನೆ ಬದ್ಲು ಹಳೇ ಪೇಂಟ್ ವಾಸ್ನೆ, ಮಧ್ಯದಲ್ಲಿ ಜೆಟ್ ಅಂತ ಹಿತ್ತಾಳೇದು ಇರತ್ತಲ್ಲ ಅದರ ತೂತು ಕೂದಲೆಳೆ ಅಷ್ಟೇ, ಅದು ಮುಚ್ಚಿದ್ರೆ ಇಡೀ ಮಷೀನ್ ನಿಂತಂಗೆ. ಆ ತೂತಿಗೆ ಸೂಜಿ ತಂತಿ ಹಾಕಿ ಕೆರೀಬೇಡಿ, ದೊಡ್ಡದಾದ್ರೆ ಪೆಟ್ರೋಲ್ ಜಾಸ್ತಿ ಕುಡಿಯತ್ತೆ. ಕಾರ್ಬೇಟರ್ ಕ್ಲೀನರ್ ಸ್ಪ್ರೇ ಸಿಗತ್ತೆ, ಅದ್ರಲ್ಲಿ ತೊಳೆದು ಗಾಳಿ ಹೊಡೆಸಿ.

ಇದು ಬರದೇ ಇರಂಗೆ ಮಾಡೋದು ಸುಲಭ. ಬಯಲಲ್ಲಿ, ಒಲೆ ಬೀಡಿ ಏನೂ ಹತ್ರ ಇಲ್ದಂಗೆ ನೋಡ್ಕೊಂಡು, ಎಂಜಿನ್ ತಣ್ಣಗಿದ್ದಾಗ ಟ್ಯಾಂಕ್ ಪೂರ್ತಿ ಬಗ್ಗಿಸಿ ಕ್ಯಾನಿಗೆ ಸುರ್ಕೊಳ್ಳಿ. ಆಮೇಲೆ ಸ್ಟಾರ್ಟ್ ಮಾಡಿ ಪೈಪಲ್ಲಿ ಉಳಿದಿರೋದು ಮುಗಿದು ತಾನಾಗೇ ಆಫ್ ಆಗೋವರ್ಗೂ ಬಿಡಿ, ಇನ್ನೊಂದ್ಸಲ ಚೋಕ್ ಹಾಕಿ ಎಳೀರಿ, ಅಲ್ಲೆಲ್ಲೋ ಉಳಿದಿರೋ ಹನೀನೂ ಉರಿದೋಗತ್ತೆ. ಕಾರ್ಬೇಟರ್ ಕೆಳಗೆ ಡ್ರೈನ್ ಸ್ಕ್ರೂ ಇರೋ ಮಷೀನಾದ್ರೆ ಅದನ್ನೂ ಸಡ್ಲಿಸಿ ಬಸೀರಿ. ಸುರ್ಕೊಂಡ ಪೆಟ್ರೋಲ್‌ಗೆ ಆಯಿಲ್ ಬೆರೆಸಿಲ್ಲ ಅಂದ್ರೆ ಸೋಸಿ ಬೈಕ್‌ಗೆ ಹಾಕಿ. ಟೂ ಸ್ಟ್ರೋಕ್ ಮಿಕ್ಸಾದ್ರೆ, ಅಂದ್ರೆ ಆಯಿಲ್ ಬೆರೆಸಿದ ಪೆಟ್ರೋಲಾದ್ರೆ, ಬೈಕ್‌ಗೆ ಬೇಡ, ಇನ್ನೂ ಕಟರ್ ಓಡಿಸ್ತಿರೋ ಪಕ್ಕದ ತೋಟದವ್ರಿಗೆ ಕೊಡಿ. ಮಿಕ್ಸ್ ಮಾಡಿದ್ದನ್ನ ಒಂದು ತಿಂಗ್ಳಿಗಿಂತ ಜಾಸ್ತಿ ಇಟ್ಕೊಳ್ಳೋದು ಒಳ್ಳೇದಲ್ಲ, ಬೇಕಾದಷ್ಟೇ ಬೆರೆಸಿ. ಅಳತೆ ಕಂಪನಿ ಪುಸ್ತಕದಲ್ಲಿ ಹೇಳಿದ್ದೇ ಸರಿ, 25ಕ್ಕೆ 1 ಅಂದಿದ್ರೆ ಲೀಟರ್‌ಗೆ 40 ಎಂಎಲ್ ಟೂಟಿ (ಟೂ ಸ್ಟ್ರೋಕ್ ಎಂಜಿನ್‌ಗೆ ಬೆರೆಸೋ) ಆಯಿಲ್, 50ಕ್ಕೆ 1 ಅಂದಿದ್ರೆ 20 ಎಂಎಲ್, ಕಣ್ಣಂದಾಜು ಬೇಡ.

ಡೀಸೆಲ್‌ಗೆ ಮಾತ್ರ ಇದು ಉಲ್ಟಾ. ಪವರ್ ಟಿಲ್ಲರ್, ನೀರೆತ್ತೋ ಡೀಸೆಲ್ ಎಂಜಿನ್ ಎತ್ತಿಡೋದಾದ್ರೆ ಟ್ಯಾಂಕ್ ತುಂಬ್ಸೇ ಇಡಿ, ಖಾಲಿ ಜಾಗ ಇಲ್ಲ ಅಂದ್ರೆ ಒಳಗೆ ಬೆವರೋಕೂ ಜಾಗ ಇರಲ್ಲ, ಟ್ಯಾಂಕ್ ತುಕ್ಕೂ ಹಿಡಿಯಲ್ಲ.

ಅಮೆರಿಕ ಕೆನಡಾ ಕಡೆ ಕೆರೇಲಿ ದೋಣಿ ಇಟ್ಕೊಂಡಿರೋರು ಚಳಿಗಾಲಕ್ಕೆ ಮುಂಚೆ ದೋಣಿ ದಡಕ್ಕೆಳ್ದು ಅದರ ಹಿಂದಿರೋ ಮೋಟರ್‌ಗೂ ಹೆಚ್ಚುಕಮ್ಮಿ ಇದೇ ಸೇವೆ ಮಾಡ್ತಾರೆ. ಅವ್ರಿಗೆ ದೊಡ್ಡ ಭಯ ಅಂದ್ರೆ ಒಳಗೆ ನಿಂತ ನೀರು ಗಡ್ಡೆ ಕಟ್ಟಿ ಉಬ್ಬಿ ಎಂಜಿನ್ನೇ ಸೀಳ್ಬಿಡತ್ತೆ ಅಂತ. ನಂದಿ ಬೆಟ್ಟದ ತಪ್ಪಲಲ್ಲಿ ಎಷ್ಟೇ ಚಳಿ ಅಂದ್ರೂ ನಮಗೆ ಆ ತೊಂದ್ರೆ ಇಲ್ಲ. ಆದ್ರೂ ನೀರಲ್ಲಿ ತಂಪಾಗೋ ಎಂಜಿನ್ ಆದ್ರೆ ನೀರು ಬಸಿದೇ ಇಡಿ, ಯಾಕಂದ್ರೆ ನಮ್ಮ ಬೋರ್‌ವೆಲ್ ನೀರು ಬಲು ಗಡಸು, ಪಾತ್ರೆ ಮೇಲೆ ಬಿಳಿ ಕಲೆ ಕೂರತ್ತಲ್ಲ ಅದೇ ಎಂಜಿನ್ ಒಳಗೂ ಕೂರತ್ತೆ.

ಪೆಟ್ರೋಲ್‌ಗೆ ಆಯಿಲ್ ಬೆರೆಸದ, ಆಯಿಲ್ ಬೇರೆ ಹಾಕೋ ಫೋರ್ ಸ್ಟ್ರೋಕ್ ಮಷೀನ್‌ಗೆ ಎಂಜಿನ್ ಆಯಿಲ್ ಎತ್ತಿಡೋ ಮುಂಚೇನೇ ಬದಲಾಯಿಸಿ, ಜೂನ್‌ನಲ್ಲಿ ನೋಡ್ಕೊಳ್ಳೋಣ ಅನ್ಬೇಡಿ. ಓಡಿದ ಆಯಿಲಲ್ಲಿ ಮಸಿ, ಆಸಿಡ್, ನೀರಿನಂಶ ಎಲ್ಲಾ ಸೇರಿರತ್ತೆ, ಅದು ತಿಂಗಳುಗಟ್ಲೆ ಒಳಗೆ ಕೂತ್ರೆ ಬೇರಿಂಗ್ ತಿನ್ನತ್ತೆ. ಪೆಟ್ರೋಲ್ ಮುಗಿಸೋಕೆ ಓಡಿಸಿದ್ರಲ್ಲ, ಆ ಬಿಸಿ ಉಗುರು ಬೆಚ್ಚಗೆ ಇಳಿದಾಗ್ಲೇ ಬಗ್ಗಿಸಿದ್ರೆ ಚೆನ್ನಾಗಿ ಇಳಿಯತ್ತೆ. ಸಣ್ಣ ಕಟರ್ ಎಂಜಿನ್‌ಗೆ ಹಿಡಿಯೋದೇ ಸುಮಾರು 100 ಎಂಎಲ್, ಅಷ್ಟಕ್ಕೆ ಜಿಪುಣತನ ಬೇಡ. ತೆಗೆದ ಆಯಿಲ್ ಚರಂಡಿಗೆ ಚೆಲ್ಬೇಡಿ, ಗ್ಯಾರೇಜಿಗೆ ಕೊಟ್ರೆ ತಗೋತಾರೆ.

ಆಮೇಲೆ ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನೊಳಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಡಿ, ಟೂ ಸ್ಟ್ರೋಕ್ ಆದ್ರೆ ಟೂಟಿ ಆಯಿಲ್. ತೂತಿನ ಮೇಲೆ ಬಟ್ಟೆ ಮುಚ್ಚಿ ಹಗ್ಗ ನಿಧಾನಕ್ಕೆ ಎರಡ್ಮೂರು ಸಲ ಎಳೀರಿ, ಆಯಿಲ್ ಸಿಲಿಂಡರ್ ಗೋಡೆಗೆಲ್ಲಾ ಹರಡತ್ತೆ, ಪಿಸ್ಟನ್ ರಿಂಗ್ ಅಂಟಲ್ಲ ತುಕ್ಕೂ ಬರಲ್ಲ. ಪ್ಲಗ್ ಒರೆಸಿ ವಾಪಸ್ ತಿರುಗಿಸಿ. ಕೊನೇಗೆ ಹಗ್ಗ ಮೆಲ್ಲಗೆ ಎಳ್ದಾಗ ಒಂದು ಕಡೆ ಬಿಗಿ ಬರತ್ತೆ, ಅಲ್ಲೇ ನಿಲ್ಸಿ, ಫೋರ್ ಸ್ಟ್ರೋಕ್‌ನಲ್ಲಿ ಆಗ ವಾಲ್ವ್ ಎರಡೂ (ಗಾಳಿ ಒಳಗೆ ಬರೋ, ಹೊಗೆ ಹೊರಗೆ ಹೋಗೋ ಬಾಗ್ಲು) ಮುಚ್ಚಿರತ್ತೆ, ತೇವ ಒಳಗೆ ಹೋಗಲ್ಲ. ಎತ್ತಿಡೋ ಕೆಲ್ಸದಲ್ಲಿ ನಮ್ಮೋರು ಬಿಡೋದೇ ಇದನ್ನ, ನನ್ ಕೇಳಿದ್ರೆ ಪೆಟ್ರೋಲ್ ಬಿಟ್ರೆ ಇದೇ ಮುಖ್ಯ.

ಹೊರಗಡೆ ಕ್ಲೀನ್ ಮಾಡೋವಾಗ ಆಯುಧ ಪೂಜೇಲಿ ಮಾಡೋ ಥರ ಪೈಪ್ ಹಿಡಿದು ನೀರು ಹೊಡೀಬೇಡಿ, ಏರ್ ಫಿಲ್ಟರ್‌ಗೂ ಸೈಲೆನ್ಸರ್‌ಗೂ ನೀರು ಹೋಗತ್ತೆ. ಬ್ರಷ್ ತಗೊಂಡು ಸಿಲಿಂಡರ್ ಸುತ್ತ ಇರೋ ರೆಕ್ಕೆಗಳ ಸಂದೀಲಿ ಕಟ್ಟಿರೋ ಹುಲ್ಲು ಮಣ್ಣು ಉದುರ್ಸಿ, ಗಾಳೀಲಿ ತಂಪಾಗೋ ಎಂಜಿನ್‌ಗೆ ಅದೇ ಉಸಿರು. ಸ್ಪಂಜಿನ ಫಿಲ್ಟರ್ ಸೋಪ್ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಪೇಪರ್ ಫಿಲ್ಟರ್ ತೊಳೀಬೇಡಿ, ತಟ್ಟಿ ಧೂಳು ಉದುರ್ಸಿ ಸಾಕು. ಬ್ಲೇಡ್ ಬಿಚ್ಚಿ ಎಣ್ಣೆ ಸವರಿ ಬಟ್ಟೇಲಿ ಸುತ್ತಿಡಿ, ಬ್ಲೇಡ್ ಹತ್ರ ಇರೋ ಗೇರ್ ಡಬ್ಬಿಗೆ ಗ್ರೀಸ್ ತುಂಬ್ಸಿ.

ಔಷಧಿ ಹೊಡೆಯೋ ಮಷೀನ್ ವಿಷ್ಯ ಸ್ವಲ್ಪ ಗಮನ ಇಟ್ಟು ಓದಿ, ಇದ್ರಲ್ಲಿ ಮಷೀನ್ ಮಾತ್ರ ಅಲ್ಲ ಬೆಳೆ, ಹುಳ ಎರಡೂ ಇದೆ. ಟೊಮೆಟೊಗೋ ದ್ರಾಕ್ಷಿಗೋ ಹೊಡೆದ ಕೀಟನಾಶಕ ಟ್ಯಾಂಕಲ್ಲಿ ಪೈಪಲ್ಲಿ ಉಳ್ಕೊಂಡು, ಮುಂದೆ ಅದೇ ಮಷೀನಿಂದ ಹಿಪ್ಪುನೇರಳೆಗೆ ಏನಾದ್ರೂ ಹೊಡೆದ್ರೆ ಆ ಸೊಪ್ಪು ತಿಂದ ರೇಷ್ಮೆ ಹುಳ ಸಾಯತ್ತೆ, ಇಡೀ ಬೆಳೆ ಮಣ್ಣಾಗತ್ತೆ. ಹುಳ ಸಾಕೋರು ಹಿಪ್ಪುನೇರಳೆ ತೋಟಕ್ಕೆ ಅಂತ್ಲೇ ಬೇರೆ ಕ್ಯಾನ್ ಇಡಿ, ಕಳೆನಾಶಕಕ್ಕೂ ಬೇರೇದು, ಗುರುತಿಗೆ ಬಣ್ಣ ಬಳೀರಿ. ಗ್ಲೌಸ್ ಹಾಕ್ಕೊಂಡು ಒಳ್ಳೆ ನೀರು ಹಾಕಿ ಮೂರು ಸಲ ತೊಳೀರಿ, ಪ್ರತಿ ಸಲಾನೂ ಪಂಪ್ ಓಡಿಸಿ ನಾಜಲ್ ಮೂಲಕಾನೇ ಹೊರಗೆ ಬಿಡಿ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆದಿದ್ರಂತೂ ಅವತ್ತೇ ತೊಳೀಬೇಕು, ಸುಣ್ಣ ಪೈಪಲ್ಲಿ ಗಟ್ಟಿಯಾಗತ್ತೆ, ಮೈಲುತುತ್ತ ಕಬ್ಬಿಣ ತಿನ್ನತ್ತೆ. ತೊಳೆದ ನೀರು ಬಾವಿ, ಕೆರೆ, ದನದ ತೊಟ್ಟಿ ಯಾವುದ್ರ ಹತ್ರಾನೂ ಹೋಗ್ಬಾರ್ದು, ಔಷಧಿ ಹೊಡೆದ ಹೊಲಕ್ಕೇ ಚೆಲ್ಲಿ. ಪೈಪ್ ಮಡಚದೆ ದುಂಡಗೆ ಸುತ್ತಿ ನೇತುಹಾಕಿ.

ಸೆಲ್ಫ್ ಸ್ಟಾರ್ಟ್ ಇದ್ರೆ ಬ್ಯಾಟರಿ ಬಿಚ್ಚಿ, ಮೊದ್ಲು ಮೈನಸ್ ಆಮೇಲೆ ಪ್ಲಸ್. ಪೂರ್ತಿ ಚಾರ್ಜ್ ಮಾಡಿಡಿ, ತಿಂಗಳಿಗೊಂದ್ಸಲ ಮತ್ತೆ ಚಾರ್ಜ್ ಹಾಕಿ.

ಇನ್ನು ಎಲ್ಲಿ ಇಡೋದು ಅಂದ್ರೆ, ಕೊಟ್ಟಿಗೇಲಂತೂ ಬೇಡ, ಗಂಜಲದ ಗಾಳಿಗೆ ಹಿತ್ತಾಳೆ ತಾಮ್ರ ಎಲ್ಲಾ ಹಸಿರಾಗತ್ತೆ. ಯೂರಿಯಾ ಪೊಟ್ಯಾಷ್ ಮೂಟೆ ಪಕ್ಕಾನೂ ಬೇಡ, ಗೊಬ್ಬರ ತೇವ ಎಳ್ದು ಪಕ್ಕದ ಕಬ್ಬಿಣಕ್ಕೆ ತುಕ್ಕು ಹಿಡಿಸತ್ತೆ. ರಾಗಿ ಕಡ್ಲೆಕಾಯಿ ಇರೋ ಕಡೆ ಇಲಿ ಖಂಡಿತ, ವೈರ್ ಕಡಿಯತ್ತೆ, ಏರ್ ಫಿಲ್ಟರ್ ಡಬ್ಬೀಲಿ ಗೂಡು ಕಟ್ಟತ್ತೆ. ದೀಪ, ಒಲೆ ಇರೋ ಕೋಣೇನೂ ಬೇಡ. ಗಾಳಿ ಆಡೋ ಕೋಣೇಲಿ ಹಲಗೆ ಮೇಲಿಟ್ಟು ಹಳೇ ಹತ್ತಿ ಬೆಡ್‌ಶೀಟ್ ಹೊದಿಸಿ, ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಸುತ್ತಿದ್ರೆ ಒಳಗೇ ಬೆವರತ್ತೆ. ಸೈಲೆನ್ಸರ್ ಬಾಯಿಗೆ ಕೆಂಪು ಬಟ್ಟೆ ತುರುಕಿ, ತುದಿ ಹೊರಗೆ ಉದ್ದಕ್ಕೆ ಕಾಣ್ತಿರ್ಲಿ, ಸ್ಟಾರ್ಟ್ ಮಾಡೋ ದಿನ ತೆಗೆಯೋಕೆ ನೆನಪಾಗತ್ತೆ.

ಮುಂಗಾರಿಗೆ ಇಳಿಸಿದಾಗ ಹೊಸ ಪೆಟ್ರೋಲ್ ಹಾಕಿ, ಪ್ಲಗ್ ಬಿಚ್ಚಿ ಒರೆಸಿ ಹಾಕಿ, ಆಮೇಲೆ ಎಳೀರಿ. ಮೊದ್ಲು ಸ್ವಲ್ಪ ಹೊತ್ತು ಬಿಳಿ ಹೊಗೆ ದಂಡಿಯಾಗಿ ಬರತ್ತೆ, ಗಾಬರಿ ಬೀಳ್ಬೇಡಿ, ಅದು ನೀವು ಒಳಗೆ ಬಿಟ್ಟಿದ್ದ ಆ ಒಂದು ಚಮಚ ಆಯಿಲ್ ಉರಿಯೋದು. ಹತ್ತು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.